ಜನವರಿಯ ಸಂಕಲ್ಪ, ಕೊಡಗಿನ ಪಂಚಾಂಗ

ಜನವರಿ ಒಂದರ ಬೆಳಿಗ್ಗೆ ಮಡಿಕೇರಿಯ ರಾಜಾಸೀಟ್ ಬಳಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಹೋಂಸ್ಟೇಗಳಲ್ಲಿ ರಾತ್ರಿಯೆಲ್ಲ ಕುಣಿದವರು ಇನ್ನೂ ಎದ್ದಿರುವುದಿಲ್ಲ. ಅದೇ ಹೊತ್ತಿಗೆ ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪದ ದಾರಿಗಳಲ್ಲಿ ಕೆಲಸದವರನ್ನು ತುಂಬಿಕೊಂಡ ಜೀಪುಗಳು ತೋಟದ ಕಡೆ ಹೊರಟಿರುತ್ತವೆ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿದೆ, ರೊಬಸ್ಟಾ ಹಣ್ಣಾಗುತ್ತಿದೆ. ಕಣದ ತುಂಬ ಕಾಫಿ ಹರಡಿದೆ, ಆಕಾಶದಲ್ಲಿ ಒಂದು ಮೋಡ ಕಂಡರೂ ತೋಟದವರ ಎದೆ ಧಸಕ್ಕೆನ್ನುತ್ತದೆ. ಇಂಥ ದಿನದಲ್ಲಿ ‘ಈ ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ವಾಕಿಂಗ್’ ಎಂದು ಹೊಸ ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟ ಬೆಳೆಗಾರ, ಎರಡನೇ ಪುಟದಿಂದ ಕೂಲಿ ಲೆಕ್ಕ ಬರೆಯತೊಡಗುತ್ತಾನೆ. ಮೊದಲ ಪುಟ ಮತ್ತೆ ಅವನ ಕಣ್ಣಿಗೆ ಬೀಳುವುದು ಕೊಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ.

ಸಂಕಲ್ಪ ಮುರಿದಾಗ ಎಲ್ಲರೂ ಮನಸ್ಸಿನ ಗಟ್ಟಿತನವನ್ನೇ ದೂರುತ್ತಾರೆ. ಕೊಡಗಿನಲ್ಲಿ ಮೊದಲು ದೂರಬೇಕಾದದ್ದು ತಾರೀಕನ್ನು ಎಂದು ನನಗೆ ಅನ್ನಿಸುತ್ತದೆ. ಇಲ್ಲಿನ ಬದುಕು ನಡೆಯುವುದು ಮಳೆಯ ಮೇಲೆ, ಗದ್ದೆಯ ಮೇಲೆ, ಕಾಫಿಯ ಮೇಲೆ. ಆ ಮೂರರಲ್ಲಿ ಯಾವುದಕ್ಕೂ ಜನವರಿ ಒಂದು ಆರಂಭವಲ್ಲ, ಕಾಫಿಗಂತೂ ಅದು ಕೊಯ್ಲಿನ ನಡುಮಧ್ಯ.

ಹಾಗೆಂದು ಹೊಸ ವರ್ಷದ ಸಂಕಲ್ಪವೇ ದಂಡ ಎಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರುವುದಿಲ್ಲ. ಅಮೆರಿಕದ ಸ್ಕ್ರ್ಯಾಂಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ವರ್ಷಕ್ಕೆ ಸಂಕಲ್ಪ ಮಾಡಿದವರಲ್ಲಿ ಶೇ 46ರಷ್ಟು ಮಂದಿ ಆರು ತಿಂಗಳ ನಂತರವೂ ಅದನ್ನು ನಡೆಸಿಕೊಂಡು ಬಂದಿದ್ದರು. ಅದೇ ಬದಲಾವಣೆಯ ಆಸೆಯಿದ್ದೂ ಸಂಕಲ್ಪ ಮಾಡದೆ ಉಳಿದವರಲ್ಲಿ ಆ ಪ್ರಮಾಣ ಶೇ 4. ಸಂಕಲ್ಪ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೋತರು, ನಿಜ. ಮಾಡದವರಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಸೋತರು. 2014ರಲ್ಲಿ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ ಎಂಬ ಸಂಶೋಧಕರು ಇನ್ನೊಂದು ಸಂಗತಿಯನ್ನು ತೋರಿಸಿದರು. ವಾರದ ಮೊದಲ ದಿನ, ತಿಂಗಳ ಮೊದಲ ದಿನ, ಹುಟ್ಟುಹಬ್ಬದ ಮರುದಿನ, ಹೀಗೆ ಕಾಲಕ್ಕೆ ಗೆರೆ ಎಳೆದಂತೆ ತೋರುವ ದಿನಗಳ ಬೆನ್ನಿಗೇ ಜನ ಜಿಮ್‌ಗೆ ಹೋಗುವುದು ಹೆಚ್ಚು. ಹಳೆಯದು ಆಚೆ ಉಳಿಯಿತು, ಇನ್ನು ನಾನು ಬೇರೆ ಎಂಬ ಧೈರ್ಯವನ್ನು ಆ ಗೆರೆ ಕೊಡುತ್ತದೆ. ಬೇಕಾದದ್ದು ಗೆರೆ. ಅದು ಜನವರಿಯಲ್ಲೇ ಇರಬೇಕೆಂದು ಯಾರೂ ಹೇಳಿಲ್ಲ.

ಗೆರೆಗಳಿಗೆ ಕೊಡಗಿನಲ್ಲಿ ಬರವಿಲ್ಲ. ಏಪ್ರಿಲ್ 14ರ ಸುಮಾರಿಗೆ ಬಿಸು ಚಂಗ್ರಾಂದಿ. ಅಂದು ಎಡಮ್ಯಾರ್ ಒಂದು, ಕೊಡವ ಪಂಚಾಂಗದ ಹೊಸ ವರ್ಷ. ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್‌ಪೊಳ್ದ್. ಅಕ್ಟೋಬರ್ 17ರ ಆಸುಪಾಸಿನಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವ, ಕಾವೇರಿ ಚಂಗ್ರಾಂದಿ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಪುತ್ತರಿ, ಕನ್ನಡದಲ್ಲಿ ಹುತ್ತರಿ, ಹೊಸ ಭತ್ತದ ಹಬ್ಬ. ಈ ಹಬ್ಬಗಳ ಹೆಸರು, ಊಟ, ಬಟ್ಟೆಗಳ ಬಗ್ಗೆ ಪ್ರವಾಸಿ ಕೈಪಿಡಿಗಳು ಸಾಕಷ್ಟು ಬರೆದಿವೆ. ಇವುಗಳ ಒಳಗಿನ ಏರ್ಪಾಡು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಈ ಹಬ್ಬಗಳಲ್ಲಿ ಹೆಚ್ಚಿನವು ಒಂದೊಂದು ಕೆಲಸಕ್ಕೆ ಅಂಟಿಕೊಂಡಿವೆ.

ಎಡಮ್ಯಾರ್ ಒಂದರ ಬೆಳಿಗ್ಗೆ ಮನೆಯವರು ಎತ್ತು ನೇಗಿಲಿನೊಂದಿಗೆ ಗದ್ದೆಗಿಳಿದು, ಪೂಜೆ ಮಾಡಿ, ಕೆಲವೇ ಸುತ್ತು ಉಳುತ್ತಾರೆ. ಇಡೀ ಗದ್ದೆ ಉಳುವ ಮಾತೇ ಇಲ್ಲ. ಈಗ ಎತ್ತುಗಳಿರುವ ಮನೆಗಳು ಕಡಿಮೆ. ಟಿಲ್ಲರ್ ಇಳಿಸುವವರಿದ್ದಾರೆ, ಸಂಘಟನೆಗಳು ಸಾಮೂಹಿಕವಾಗಿ ನಡೆಸುವುದೂ ಇದೆ. ಆದರೂ ಪದ್ಧತಿಯ ತಿರುಳು ಹಾಗೇ ಉಳಿದಿದೆ. ವರ್ಷದ ಮೊದಲ ದಿನ ಬಾಯಲ್ಲಿ ಏನನ್ನೂ ಘೋಷಿಸದೆ, ವರ್ಷವಿಡೀ ಮಾಡಬೇಕಾದ ಕೆಲಸದ ಒಂದು ಚೂರನ್ನು ಕೈಯಾರೆ ಮಾಡಿಬಿಡುವುದು. ಅದು ಯಾರಿಗೂ ಭಾರವಾಗದಷ್ಟು ಚಿಕ್ಕದು. ಸಂಜೆಯ ಹೊತ್ತಿಗೆ ‘ಶುರುವಾಗಿದೆ’ ಎನ್ನುವುದಕ್ಕೆ ಮಣ್ಣೇ ಸಾಕ್ಷಿ.

ಆಮೇಲೆ ಮಳೆ. ಜೂನ್‌ನಲ್ಲಿ ಸಸಿಮಡಿ, ಜುಲೈ–ಆಗಸ್ಟ್‌ನಲ್ಲಿ ನಾಟಿ. ನಡುವೆ ಕಕ್ಕಡ ತಿಂಗಳು. ಅದರ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ. ನಾಟಿ ಮುಗಿಯುವ ತನಕ ಕೋವಿ ಮುಟ್ಟುವಂತಿರಲಿಲ್ಲ, ಬೇಟೆಗೆ ಹೋಗುವಂತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಆಯುಧಗಳೆಲ್ಲ ಮನೆಯ ಪೂಜಾಕೋಣೆಯಾದ ಕನ್ನಿಕೋಂಬರೆ ಸೇರಿರುತ್ತಿದ್ದವು. ಕೈಲ್‌ಪೊಳ್ದ್ ದಿನ ಅವನ್ನು ಹೊರತೆಗೆದು, ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ, ಪೂಜೆ ಮಾಡಿ, ಕಡಂಬಿಟ್ಟು–ಪಂದಿಕರಿ ಉಂಡು, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗದ್ದೆ ಕೆಲಸದ ಅತಿ ಕಷ್ಟದ ಭಾಗ ಮುಗಿದದ್ದಕ್ಕೆ ಬಹುಮಾನವೆಂದರೆ ಇದು. ಬೆಳೆ ಇನ್ನೂ ಕೈಗೆ ಬಂದಿಲ್ಲ, ಬರುತ್ತದೆಂಬ ಖಾತರಿಯೂ ಇಲ್ಲ. ಫಲಕ್ಕೆ ಕಾಯದೆ, ಮಾಡಬೇಕಾದ್ದನ್ನು ಮಾಡಿ ಮುಗಿಸಿದ್ದಕ್ಕೇ ಹಬ್ಬ ಮಾಡುವ ಈ ಲೆಕ್ಕಾಚಾರ ನನಗೆ ಬಹಳ ಇಷ್ಟ. ಹತ್ತು ಕಿಲೋ ತೂಕ ಇಳಿದ ಮೇಲೆಯೇ ಖುಷಿ ಪಡುತ್ತೇನೆ ಎಂದು ಕೂತವರು ಎರಡನೇ ಕಿಲೋದಲ್ಲೇ ಕೈಬಿಡುವುದನ್ನು ಎಲ್ಲರೂ ನೋಡಿರುತ್ತೇವೆ.

ಪುತ್ತರಿಗೆ ಮುಹೂರ್ತ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಎಲೆಗಳನ್ನು ಸೇರಿಸಿ ನೆರೆ ಕಟ್ಟುವುದು ಎಷ್ಟು ಗಂಟೆಗೆ, ಗದ್ದೆಯಿಂದ ಭತ್ತದ ಕದಿರು ತೆಗೆಯುವುದು ಎಷ್ಟು ಗಂಟೆಗೆ, ಊಟ ಯಾವಾಗ ಎಂದು ನಿಮಿಷದ ತನಕ ಲೆಕ್ಕ ಹಾಕಿ ಪತ್ರಿಕೆಗಳಿಗೆ ಬರುತ್ತದೆ. ‘ಈ ವಾರದಲ್ಲಿ ಯಾವಾಗಲಾದರೂ ಕದಿರು ತೆಗೆದರಾಯಿತು’ ಎಂದು ಬಿಟ್ಟಿದ್ದರೆ ಅರ್ಧ ಕೊಡಗು ಮರೆತುಬಿಡುತ್ತಿತ್ತು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೊಂಬತ್ತರ ದಶಕದಿಂದ ಹೇಳುತ್ತ ಬಂದದ್ದೂ ಇದನ್ನೇ. ‘ವ್ಯಾಯಾಮ ಮಾಡುತ್ತೇನೆ’ ಎನ್ನುವವರಿಗಿಂತ ‘ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಂಥದ್ದಾದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ನಿಗದಿ ಮಾಡಿಕೊಂಡವರು ಅದನ್ನು ನಿಜಕ್ಕೂ ಮಾಡುವುದು ಹೆಚ್ಚು.

ಈಗ ಒಂದು ಸಣ್ಣ ಗಣಿತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದರು. ಹೊಸ ಅಭ್ಯಾಸವೊಂದು ಯೋಚಿಸದೆಯೇ ನಡೆಯುವಷ್ಟು ಮೈಗೂಡಲು ಎಷ್ಟು ದಿನ ಬೇಕು ಎಂಬುದು ಪ್ರಶ್ನೆ. ಸರಾಸರಿ 66 ದಿನ ಎಂದು ಬಂತು. ಒಬ್ಬೊಬ್ಬರ ಅಂತರ ವಿಪರೀತ, 18 ದಿನಗಳಿಂದ 254 ದಿನಗಳವರೆಗೆ. ಆ 66ನ್ನು ಕೊಡಗಿನ ಪಂಚಾಂಗದ ಮೇಲೆ ಇಟ್ಟು ನೋಡಿ. ಜನವರಿ 1ರಿಂದ ಎಣಿಸಿದರೆ ಮಾರ್ಚ್ 8ರ ಹೊತ್ತಿಗೆ ಮುಗಿಯುತ್ತದೆ. ಅಷ್ಟೂ ದಿನ ರೊಬಸ್ಟಾ ಕೊಯ್ಲು, ಒಣಗಿಸುವುದು, ಮಾರುವುದು, ಕಾಫಿ ಹೂ ಬಿಡಿಸುವ ಹೂಮಳೆಗೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲು ರಾತ್ರಿ ನಿದ್ದೆಗೆಡುವುದು. ತೋಟದವರಿಗೆ ವರ್ಷದಲ್ಲಿ ಇದಕ್ಕಿಂತ ಕೆಟ್ಟ 66 ದಿನಗಳಿಲ್ಲ. ಏಪ್ರಿಲ್ 14ರಿಂದ ಎಣಿಸಿದರೆ ಜೂನ್ 19. ನಡುವೆ ಮದುವೆಗಳ ಸಾಲು, ಕೊನೆಗೆ ಮುಂಗಾರು. ಮಡಿಕೇರಿಗೆ ವರ್ಷದಲ್ಲಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗಷ್ಟೇ ಮೈಗೂಡತೊಡಗಿದ ವಾಕಿಂಗ್ ಅಭ್ಯಾಸ ಆ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಉಳಿಯುವುದು ಕಷ್ಟ.

ಸೆಪ್ಟೆಂಬರ್ 3, ಕೈಲ್‌ಪೊಳ್ದ್‌ನಿಂದ ಎಣಿಸಿ. ನವೆಂಬರ್ 8 ಬರುತ್ತದೆ. ಮಳೆ ಇಳಿಮುಖ, ನಾಟಿ ಮುಗಿದಿದೆ, ಅರೇಬಿಕಾ ಕೊಯ್ಲು ಇನ್ನೂ ಬಿರುಸಾಗಿಲ್ಲ. ಬೆಳಿಗ್ಗೆ ಆರಕ್ಕೆ ಬೆಳಕಿರುತ್ತದೆ, ಡಿಸೆಂಬರಿನ ಕೊರೆಯುವ ಚಳಿ ಬಂದಿರುವುದಿಲ್ಲ. ದಿನನಿತ್ಯದ ಅಭ್ಯಾಸವೊಂದನ್ನು ಹಚ್ಚಿಕೊಳ್ಳಬೇಕೆಂದರೆ, ಅದು ನಡಿಗೆಯಾಗಲಿ, ಓದಾಗಲಿ, ಮಗುವಿಗೆ ಪಾಠ ಹೇಳುವುದಾಗಲಿ, ತೋಟದ ಮನೆಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಿಂಡಿ ತೆರೆಯುವುದಿಲ್ಲ. ಜನವರಿಯಲ್ಲಿ ಸೋತವರು ಮುಂದಿನ ಜನವರಿಗೆ ಯಾಕೆ ಕಾಯಬೇಕೋ ತಿಳಿಯದು.

ಎಲ್ಲ ಗುರಿಗಳಿಗೂ ಒಂದೇ ದಿನ ಹೊಂದುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಒಂದು ಸಲ ಮಾಡಿ ಮುಗಿಸುವ ಕೆಲಸಗಳಿವೆ: ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯ ಕಾಗದಪತ್ರ ಸರಿಪಡಿಸಿಕೊಳ್ಳುವುದು, ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುವುದು, ನಿಲ್ಲಿಸಿದ ಪದವಿಗೆ ಮತ್ತೆ ಅರ್ಜಿ ಹಾಕುವುದು. ಇವಕ್ಕೆ ಎಡಮ್ಯಾರಿನ ಉಳುಮೆಯ ರೀತಿ ಸಾಕು. ಅಂದೇ ಒಂದು ಸುತ್ತು ಹೊಡೆದುಬಿಡುವುದು, ಎಂದರೆ ಅರ್ಜಿಯ ಮೊದಲ ಪುಟ ಬರೆದು ಮೇಜಿನ ಮೇಲಿಡುವುದು. ದುಡ್ಡಿನ ಗುರಿಗಳ ಕಾಲವೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೊಡಗಿನಲ್ಲಿ ಜನವರಿಯ ನಿರ್ಧಾರ ಕೈಗೂಡುವ ಒಂದು ಜಾಗವಿದೆ: ಹಾಕಿ ಮೈದಾನ. ಬ್ಯಾಂಕ್ ಉದ್ಯೋಗಿಯಾಗಿದ್ದ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಾಗಿ ಗಿನ್ನೆಸ್ ದಾಖಲೆ ಸೇರಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ ಬಂದ ತಂಡಗಳು 396. ಕುಟ್ಟಪ್ಪ 2020ರಲ್ಲಿ ತೀರಿಕೊಂಡರು.

ಈ ಬೆಳವಣಿಗೆಯ ಗುಟ್ಟು ದೊಡ್ಡ ಕನಸಿನಲ್ಲಿ ಇದೆಯೆಂದು ಭಾಷಣಕಾರರು ಹೇಳುತ್ತಾರೆ. ನನಗೆ ಅದರ ವ್ಯವಸ್ಥೆಯಲ್ಲಿದೆ ಎನ್ನಿಸುತ್ತದೆ. ಪ್ರತಿ ವರ್ಷ ಒಂದೇ ಒಕ್ಕ, ಎಂದರೆ ಒಂದೇ ಮನೆತನ, ಹೊಣೆ ಹೊರುತ್ತದೆ, ಕಪ್‌ಗೆ ಆ ಒಕ್ಕದ್ದೇ ಹೆಸರು. ಮೈದಾನ, ಊಟ, ದುಡ್ಡು, ಅತಿಥಿಗಳು ಎಲ್ಲವೂ ಆ ವರ್ಷಕ್ಕೆ ಅವರ ತಲೆನೋವು. ಫೈನಲ್ ಮುಗಿದರೆ ಹೊಣೆ ಮುಂದಿನವರಿಗೆ. ನಾನೂರು ತಂಡಗಳ ಹಬ್ಬವನ್ನು ಕಾಲು ಶತಮಾನ ನಡೆಸುತ್ತೇವೆಂದು ಯಾವ ಒಕ್ಕವೂ ಒಪ್ಪಿಕೊಂಡದ್ದಿಲ್ಲ. ಒಪ್ಪಿಕೊಂಡದ್ದು ಒಂದು ಬೇಸಿಗೆಯನ್ನು. ಗುರಿಗಳ ಬಗ್ಗೆ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಈಗಲೂ ಜಪಿಸುವ ‘ಸ್ಮಾರ್ಟ್’ ಸೂತ್ರವನ್ನು ಜಾರ್ಜ್ ಡೋರನ್ 1981ರಲ್ಲಿ ಬರೆದಾಗ, ಅದರ ಐದು ಅಂಶಗಳಲ್ಲಿ ಒಂದು ‘ಇದನ್ನು ಮಾಡುವವರು ಯಾರು’ ಎಂಬುದಾಗಿತ್ತು. ಕಂಪನಿಗಳಿಗಾಗಿ ಬರೆದ ಸೂತ್ರ ಅದು. ವೈಯಕ್ತಿಕ ಗುರಿಗೆ ಇಳಿಯುವಾಗ ಆ ಪ್ರಶ್ನೆ ಉದುರಿಹೋಯಿತು, ಮಾಡುವವನು ನಾನೇ ತಾನೆ ಎಂದು. ‘ದಿನಾ ಮನೆಯೂಟವನ್ನೇ ಉಣ್ಣುತ್ತೇನೆ’ ಎಂಬ ಗಂಡಸಿನ ಸಂಕಲ್ಪವನ್ನು ನಿಜವಾಗಿ ಹೊರುವವರು ಯಾರು ಎಂದು ಅಡುಗೆಮನೆಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ.

ಇನ್ನು ಆಟಗಾರರು. ಕುಟುಂಬದ ತಂಡದಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಆಡಬಹುದು. ಶಾಲೆಯ ಹುಡುಗರಿಂದ ಹಿಡಿದು ಅಜ್ಜಂದಿರ ತನಕ ಸ್ಟಿಕ್ ಹಿಡಿಯುತ್ತಾರೆ. ಒಲಿಂಪಿಕ್ಸ್ ಆಡಿದವರು ಒಂದು ಕಡೆ, ವರ್ಷಕ್ಕೊಮ್ಮೆ ಸ್ಟಿಕ್ ಮುಟ್ಟುವ ಬ್ಯಾಂಕ್ ಗುಮಾಸ್ತರು ಇನ್ನೊಂದು ಕಡೆ. ಜನವರಿ–ಫೆಬ್ರುವರಿಯಲ್ಲಿ ಗೋಣಿಕೊಪ್ಪಲು, ಪೊನ್ನಂಪೇಟೆ, ವಿರಾಜಪೇಟೆಯ ಮೈದಾನಗಳಲ್ಲಿ ಸಂಜೆ ಏದುಸಿರು ಬಿಡುತ್ತ ಓಡುವ ನಲವತ್ತು ದಾಟಿದವರನ್ನು ಕೇಳಿ ನೋಡಿ. ‘ಆರೋಗ್ಯಕ್ಕೆ’ ಎನ್ನುವವರು ಕಡಿಮೆ. ‘ಏಪ್ರಿಲ್‌ನಲ್ಲಿ ಒಕ್ಕಕ್ಕೆ ಆಡಬೇಕಲ್ಲ’ ಎನ್ನುತ್ತಾರೆ. ಅವರ ಗುರಿಗೆ ತಾರೀಕಿದೆ, ನೋಡಲು ಗ್ಯಾಲರಿಯಲ್ಲಿ ಅತ್ತೆ–ಮಾವಂದಿರಿದ್ದಾರೆ, ಬಿದ್ದರೆ ನಗುವ ಭಾವಂದಿರಿದ್ದಾರೆ. ಗೆಲ್ಲಲೇಬೇಕೆಂಬ ಹಟವೂ ಬೇಕಿಲ್ಲ, ಮೊದಲ ಸುತ್ತಿನಲ್ಲೇ ಸೋತು ಬಿರಿಯಾನಿ ತಿಂದು ಮನೆಗೆ ಹೋಗುವ ತಂಡಗಳೇ ಅರ್ಧದಷ್ಟು. ಅರೆಭಾಷೆ ಗೌಡ ಕುಟುಂಬಗಳಲ್ಲಿ ಕ್ರಿಕೆಟ್ ಇದೇ ಕೆಲಸ ಮಾಡುತ್ತದೆ.

ಈ ಹಾಕಿ ಹಬ್ಬ ನಿಂತೂ ಹೋಗಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಊರುಗಳೇ ಕೊಚ್ಚಿಹೋದ ಮೇಲೆ 2019ರಲ್ಲಿ ಆಡುವ ಮನಸ್ಸು ಯಾರಿಗೂ ಇರಲಿಲ್ಲ. ಆಮೇಲೆ ಕೊರೊನಾ. ನಾಲ್ಕು ಬೇಸಿಗೆ ಖಾಲಿ ಹೋಗಿ, 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ಆಗಿ ಮತ್ತೆ ಎದ್ದಿತು. ತಪ್ಪಿದ ವರ್ಷಗಳದ್ದನ್ನೂ ಸೇರಿಸಿ ಆಡಿ ಬಾಕಿ ತೀರಿಸಲು ಯಾರೂ ಹೊರಡಲಿಲ್ಲ. ಮುಂದಿನ ಬೇಸಿಗೆಯನ್ನು ಹಿಡಿದರು, ಅಷ್ಟೇ. ಲಾಲಿಯವರ ಅಧ್ಯಯನದಲ್ಲೂ ಒಂದು ದಿನ ತಪ್ಪಿಸಿದವರ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ನನ್ನ ಪ್ರಕಾರ ಪೆಟ್ಟು ಬೀಳುವುದು, ತಪ್ಪಿದ್ದನ್ನು ನಾಳೆ ಎರಡರಷ್ಟು ಮಾಡಿ ಸರಿದೂಗಿಸುತ್ತೇನೆ ಎಂಬ ಲೆಕ್ಕಕ್ಕೆ ಇಳಿದಾಗ.

ಟೆನಿಸ್ ಆಟಗಾರ ರೋಹನ್ ಬೋಪಣ್ಣನ ಕಥೆಯನ್ನು ಈ ಸಂದರ್ಭದಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ತಪ್ಪಿಸುವುದಿಲ್ಲ. ಕೊಡಗಿನ ಕಾಫಿ ಬೆಳೆಗಾರರ ಮನೆಯ ಈ ಹುಡುಗ 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ಅದರ ಬೆನ್ನಿಗೇ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆಗಿ, ಆ ಸ್ಥಾನಕ್ಕೇರಿದ ಅತಿ ಹಿರಿಯ ಎನಿಸಿಕೊಂಡರು. ಕೆಲ ವರ್ಷಗಳ ಹಿಂದೆ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಇನ್ನು ಸಾಕು ಎಂದು ಪತ್ನಿಗೆ ವಿಡಿಯೊ ಸಂದೇಶ ಕಳಿಸಿದ್ದನ್ನು ಅವರೇ ಗೆದ್ದ ಅಂಗಳದಲ್ಲಿ ನಿಂತು ಹೇಳಿದರು. ಇದರಿಂದ ‘ಛಲ ಬಿಡಬೇಡಿ’ ಎಂಬ ಪೋಸ್ಟರ್ ತಯಾರಿಸುವುದು ಸುಲಭ. ಮೊಣಕಾಲಿನ ಮೃದ್ವಸ್ಥಿ ಸವೆದಿದ್ದ ಆ ಮನುಷ್ಯ ಹಿಡಿದ ದಾರಿ ಪೋಸ್ಟರಿಗೆ ಒಗ್ಗುವಂಥದ್ದಲ್ಲ. ಅಯ್ಯಂಗಾರ್ ಯೋಗ, ನೋವಿಲ್ಲದೆ ಅಂಗಳಕ್ಕಿಳಿಯುವುದು, ಅದರ ಮೇಲೆ ಆಟ. ಟ್ರೋಫಿ ಯಾರ ಕೈಯಲ್ಲೂ ಇಲ್ಲ, ಮಂಡಿಯ ಆರೈಕೆ ಅವರ ಕೈಯಲ್ಲಿತ್ತು.

ಬೋಪಣ್ಣನಿಗಿಂತ ನನಗೆ ಹತ್ತಿರವಾಗುವವರು ನಡಿಕೇರಿಯಂಡ ಚಿಣ್ಣಪ್ಪ. 1875ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಇವರು ಪೊಲೀಸ್ ಇಲಾಖೆಯಲ್ಲಿದ್ದವರು. ನೌಕರಿ ಮಾಡಿಕೊಂಡೇ ಹಾಡು ಬಲ್ಲ ಹಿರಿಯರಿಂದ ಕೊಡವ ಜನಪದ ಹಾಡುಗಳನ್ನು, ಪದ್ಧತಿಗಳನ್ನು ಕೇಳಿ ಬರೆದುಕೊಂಡರು. 1924ರಲ್ಲಿ ಅದು ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಯಿತು. ನೌಕರಿ ಬಿಟ್ಟು ಸಂಶೋಧನೆ ಮಾಡುತ್ತೇನೆ ಎಂದು ಹೊರಟಿದ್ದರೆ ಬಹುಶಃ ಅದು ಆಗುತ್ತಲೇ ಇರಲಿಲ್ಲ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಉದ್ಯೋಗದಿಂದ ಬಿಡುವಾದ ಮೇಲೆ ಅದನ್ನು ಇಂಗ್ಲಿಷಿಗೆ ತಂದರು, 2003ರಲ್ಲಿ ಪ್ರಕಟವಾಯಿತು. ಅಲ್ಲಿಗೆ ನಿಲ್ಲದೆ ಐನ್‌ಮನೆಗಳನ್ನು, ಎಂದರೆ ಒಕ್ಕಗಳ ಮೂಲಮನೆಗಳನ್ನು, ದಾಖಲಿಸಲು ಹೊರಟು, ನೂರಾರು ಮನೆಗಳಿಗೆ ಖುದ್ದಾಗಿ ಹೋಗಿ, 2014ರಲ್ಲಿ ಪುಸ್ತಕ ತಂದರು. ನಂಜಮ್ಮ ವೃತ್ತಿಯಿಂದ ಸಂಖ್ಯಾಶಾಸ್ತ್ರಜ್ಞೆ. ‘ಕೊಡವ ಸಂಸ್ಕೃತಿಯನ್ನು ಉಳಿಸುವುದು’ ಎಂಬ ಗುರಿಯನ್ನು ಎಣಿಸಲಾಗುವುದಿಲ್ಲ, ‘ಈ ವಾರ ಎಷ್ಟು ಮನೆ’ ಎಂಬುದನ್ನು ಎಣಿಸಬಹುದು.

ಬಿಡುವ ಸಂಕಲ್ಪಗಳದ್ದು ಬೇರೆ ಪಾಡು. ಸ್ವೀಡನ್ನಿನಲ್ಲಿ 1,066 ಮಂದಿಯ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ‘ಇದನ್ನು ಮಾಡುತ್ತೇನೆ’ ಎಂದವರಲ್ಲಿ ಶೇ 58.9 ಮಂದಿ ತಾವು ಗೆದ್ದೆವೆಂದುಕೊಂಡರು, ‘ಇದನ್ನು ಬಿಡುತ್ತೇನೆ’ ಎಂದವರಲ್ಲಿ ಶೇ 47.1. ಕೊಡಗಿನಲ್ಲಿ ‘ಕುಡಿತ ಬಿಟ್ಟೆ’ ಎನ್ನುವವನಿಗೆ ಮೊದಲ ಪರೀಕ್ಷೆ ಮೊದಲ ಮದುವೆಮನೆಯಲ್ಲೇ. ಗ್ಲಾಸ್ ಹಿಡಿಯದೆ ನಿಂತವನನ್ನು ನಾಲ್ಕು ಜನ ಬಂದು ವಿಚಾರಿಸುತ್ತಾರೆ, ಐದನೆಯವರು ತಂದೇ ಕೊಡುತ್ತಾರೆ. ಬರೀ ‘ಬಿಡುತ್ತೇನೆ’ ಎಂಬುದು ಅಲ್ಲಿ ನಿಲ್ಲುವುದಿಲ್ಲ. ಬಡಿಸುವ ಜವಾಬ್ದಾರಿ ವಹಿಸಿಕೊಂಡು ಕೈಗೆ ಕೆಲಸ ಕೊಟ್ಟುಕೊಳ್ಳುವವರನ್ನು, ವಾಪಸ್ ಹೋಗುವಾಗ ಎಲ್ಲರ ಕಾರು ಓಡಿಸುವವನು ತಾನೇ ಎಂದು ಮೊದಲೇ ಸಾರಿಬಿಡುವವರನ್ನು ನೋಡಿದ್ದೇನೆ, ಅವರು ಉಳಿದುಕೊಳ್ಳುತ್ತಾರೆ. ದಿನವೂ ವಿಪರೀತ ಕುಡಿಯುವವರು ಮಾತ್ರ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು, ಅದರಿಂದ ಜೀವಕ್ಕೇ ಅಪಾಯವಾಗಬಹುದು.

ದುಡ್ಡಿನ ವಿಷಯಕ್ಕೆ ಬರುತ್ತೇನೆಂದಿದ್ದೆ. ತಿಂಗಳ ಸಂಬಳದವರಿಗಾಗಿ ಬರೆದ ಉಳಿತಾಯದ ಸಲಹೆಗಳು ತೋಟದ ಮನೆಗೆ ಹೊಂದುವುದಿಲ್ಲ. ಇಲ್ಲಿ ದುಡ್ಡು ಬರುವುದು ಕಾಫಿ ಮಾರಿದಾಗ, ವರ್ಷಕ್ಕೊಮ್ಮೆ. ಮಾರ್ಚಿನ ಹೂವು ನೋಡಿ ಮುಂದಿನ ವರ್ಷದ ಕಾರು ಬುಕ್ ಮಾಡಿದವರಿಗೆ ಆಗಸ್ಟ್‌ನ ಕೊಳೆರೋಗ ಲೆಕ್ಕ ಕಲಿಸುತ್ತದೆ. ರೊಬಸ್ಟಾ ಹೂ ಬಿಟ್ಟು ಹಣ್ಣಾಗಲು ಹತ್ತು–ಹನ್ನೊಂದು ತಿಂಗಳು ಬೇಕು, ನಡುವೆ ಎಷ್ಟು ಕಾಯಿ ಉದುರುತ್ತದೋ. ಅಂಚೆ ಕಚೇರಿಯ ಆವರ್ತ ಠೇವಣಿ, ಜನ ಆರ್‌ಡಿ ಎನ್ನುವುದು, ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷದ್ದು. ಅದರಲ್ಲಿ ಕಂತುಗಳನ್ನು ಮುಂಗಡವಾಗಿಯೂ ಕಟ್ಟಬಹುದು, ಆರು ಅಥವಾ ಹೆಚ್ಚು ಕಂತು ಒಟ್ಟಿಗೆ ಕಟ್ಟಿದರೆ ಸ್ವಲ್ಪ ರಿಯಾಯಿತಿಯೂ ಉಂಟು. ಕಾಫಿ ದುಡ್ಡು ಕೈಗೆ ಬಂದ ವಾರವೇ ವರ್ಷದ ಹನ್ನೆರಡು ಕಂತು ಕಟ್ಟಿಬಿಡುವುದು ತೋಟದವರಿಗೆ ಸುಲಭ. ತೋಟದ ಕೆಲಸದವರ ಲೈನ್‌ಮನೆಗಳಲ್ಲಿ ಇರುವ, ವಾರದ ಕೂಲಿಯವರಿಗೆ ವಾರದ ಉಳಿತಾಯ ಸಂಘಗಳೇ ಸರಿ. ಹತ್ತು ಹೆಂಗಸರು ಕೂತು ಪುಸ್ತಕದಲ್ಲಿ ಬರೆದುಕೊಳ್ಳುವಾಗ ‘ನಿಂದೆಲ್ಲಿ?’ ಎಂದು ಕೇಳುವವರಿರುತ್ತಾರೆ. ಇನ್ನೊಂದನ್ನು ಹೇಳದೆ ಬಿಡಲಾರೆ. ಕಾಫಿ ಕೊಯ್ಯುವವರ ಪ್ರತಿ ಸಂಜೆಯೂ ತೂಕದ ಮುಂದೆ ಮುಗಿಯುತ್ತದೆ, ನಿಗದಿಯಾದ ಕಿಲೋ ಆಯಿತೇ, ಅದರ ಮೇಲೆ ಎಷ್ಟು ಎಂದು. ಗುರಿಗಳ ಬಗ್ಗೆ ಯಾರಿಂದಲೂ ಪಾಠ ಬೇಕಿಲ್ಲದವರು ಅವರು. ಬೇಕಾದದ್ದು ಬೇರೆಯವರು ಹಾಕಿದ ಗುರಿ ಮುಗಿದ ಮೇಲೆ ತಮ್ಮದೊಂದಕ್ಕೆ ಉಳಿಯುವ ಹೊತ್ತು.

ಕೊಡಗಿನ ಹಳ್ಳಿಗಳಲ್ಲಿ ದಾರಿಯಲ್ಲಿ ಎದುರಾದವರು ‘ಚೆನ್ನಾಗಿದ್ದೀರಾ’ ಎನ್ನುವ ಬದಲು ‘ನಾಟಿ ಆಯ್ತಾ?’, ‘ಕೊಯ್ಲು ಎಲ್ಲಿವರೆಗೆ ಬಂತು?’ ಎಂದು ಕೇಳುವುದೇ ಹೆಚ್ಚು. ಈ ಜನವರಿಯಲ್ಲಿ ಮಾಡಬಹುದಾದದ್ದು ಅಷ್ಟೇ: ಗುರಿ ಯಾವುದೆಂದು ಒಂದು ಸಾಲಿನಲ್ಲಿ ಬರೆದು, ಅದು ಎಡಮ್ಯಾರಿನದೋ ಕೈಲ್‌ಪೊಳ್ದಿನದೋ ನೋಡಿ, ಹೀಗೆ ಕೇಳಬಲ್ಲ ಒಬ್ಬರಿಗೆ ಆ ತಾರೀಕನ್ನು ಹೇಳಿಡುವುದು. ಬೆಂಗಳೂರಿನಲ್ಲಿರುವ ಮಕ್ಕಳಿಗೂ ಇದು ಕಷ್ಟವಲ್ಲ, ಹಬ್ಬಕ್ಕೆಂದು ಹೇಗೂ ಊರಿಗೆ ಬರುತ್ತಾರೆ. ಬರಲಾಗದವರು ವಸಂತನಗರದ ಕೊಡವ ಸಮಾಜದಲ್ಲಿ ಪುತ್ತರಿಗೆ ಸೇರುತ್ತಾರೆ. ಗದ್ದೆ ಪಾಳುಬಿಟ್ಟವರು, ಗದ್ದೆಯೇ ಇಲ್ಲದವರು ಅಲ್ಲಿ ಕೈಗೆ ಸಿಕ್ಕ ಕದಿರನ್ನು ಫ್ಲಾಟಿನ ಬಾಗಿಲಿಗೆ ಕಟ್ಟುತ್ತಾರೆ. ಗದ್ದೆ ಉತ್ತವರು ಇದನ್ನು ನೋಡಿ ನಗಬಹುದು. ಕಟ್ಟಿದವರಲ್ಲಿ ಕೆಲವರು ಮಾರನೆಯ ವರ್ಷ ಊರಿನ ಪಾಳು ಗದ್ದೆಯಲ್ಲಿ ಅರ್ಧ ಎಕರೆ ನಾಟಿ ಮಾಡಿಸಲು ಎಷ್ಟಾಗುತ್ತದೆ ಎಂದು ಫೋನ್ ಮಾಡಿ ವಿಚಾರಿಸುವುದೂ ಉಂಟು.